ನಿಂಟೆಂಡೊ ಮುಖ್ಯಸ್ಥರು ಕುರ್ಚಿ ಬಿಡಬೇಕಿತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಗೇಮ್ ಕಂಪನಿಯೊಂದು ನಷ್ಟಕ್ಕೆ ಬಿದ್ದರೆ ಮೊದಲು ಏಳುವ ಕೂಗು ಒಂದೇ: ಮುಖ್ಯಸ್ಥರನ್ನು ಬದಲಾಯಿಸಿ. 2014ರಲ್ಲಿ ಜಪಾನಿನ ಗೇಮ್ ಕಂಪನಿ ನಿಂಟೆಂಡೊದ ಅಧ್ಯಕ್ಷ ಸತೋರು ಇವಾಟಾ ವಿಷಯದಲ್ಲಿ ಈ ಕೂಗು ಜೋರಾಗಿತ್ತು. ಇವತ್ತಿಗೂ ಯಾವುದಾದರೂ ಗೇಮ್ ಕಂಪನಿ ಎಡವಿದಾಗ ಎರಡೂ ಕಡೆಯವರು ಆ ಕಥೆಯನ್ನು ತಮಗೆ ಬೇಕಾದ ಕಡೆಗೆ ಎಳೆದುಕೊಳ್ಳುತ್ತಾರೆ. ಹಾಗಾಗಿ ಆಗ ನಡೆದದ್ದೇನು, ಯಾರ ವಾದ ಏನಿತ್ತು ಅನ್ನೋದನ್ನು ಇಲ್ಲಿ ಬರೆದಿಟ್ಟಿದ್ದೇನೆ. ನನ್ನ ನಿಲುವನ್ನೂ ಮೊದಲೇ ಹೇಳಿಬಿಡುತ್ತೇನೆ. ಇವಾಟಾ ಉಳಿದದ್ದು ಸರಿ. ಆದರೆ "ಆಮೇಲೆ ಸ್ವಿಚ್ (2017ರಲ್ಲಿ ಬಂದ ನಿಂಟೆಂಡೊ ಗೇಮ್ ಯಂತ್ರ) ಗೆದ್ದಿತಲ್ಲ" ಅನ್ನೋ ಮಾತು ಅದಕ್ಕೆ ಕಾರಣ ಆಗಬಾರದು.

ಅಷ್ಟಕ್ಕೂ 2014ರಲ್ಲಿ ಆದದ್ದೇನು?

2014ರ ಜನವರಿ 17ರಂದು ನಿಂಟೆಂಡೊ ತನ್ನ ವರ್ಷದ ಅಂದಾಜನ್ನು ಒಮ್ಮೆಲೇ ಇಳಿಸಿತು. ಆ ವರ್ಷ 90 ಲಕ್ಷ ವೀ ಯು ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ) ಮಾರುತ್ತೇವೆ ಎಂದಿದ್ದವರು 28 ಲಕ್ಷಕ್ಕೆ ಬಂದರು. ಕೈಯಲ್ಲಿ ಹಿಡಿದು ಆಡುವ 3ಡಿಎಸ್‌ನ ಗುರಿ 1 ಕೋಟಿ 80 ಲಕ್ಷದಿಂದ 1 ಕೋಟಿ 35 ಲಕ್ಷಕ್ಕೆ ಇಳಿಯಿತು. 10,000 ಕೋಟಿ ಯೆನ್ ಆಪರೇಟಿಂಗ್ ಲಾಭ (ಮುಖ್ಯ ವ್ಯವಹಾರದಿಂದಲೇ ಬರುವ ಲಾಭ) ಬರುತ್ತದೆ ಎಂದಿದ್ದ ಜಾಗದಲ್ಲಿ 3,500 ಕೋಟಿ ಯೆನ್ ನಷ್ಟದ ಅಂದಾಜು ಬಂತು. ಮಾರ್ಚ್ ಮುಗಿದಾಗ ನಿಜವಾದ ನಷ್ಟ ಅದಕ್ಕೂ ಜಾಸ್ತಿ, 4,640 ಕೋಟಿ ಯೆನ್ ಆಗಿತ್ತು.

ಇದು ಒಂದು ವರ್ಷದ ಪೆಟ್ಟಲ್ಲ ಅನ್ನೋದು ಮುಖ್ಯ. 2012ರ ಮಾರ್ಚ್‌ಗೆ ಮುಗಿದ ವರ್ಷ 3,730 ಕೋಟಿ, ಅದರ ಮುಂದಿನ ವರ್ಷ 3,640 ಕೋಟಿ, ಆಮೇಲೆ ಇದು. ಸತತ ಮೂರು ವರ್ಷ ಆಪರೇಟಿಂಗ್ ನಷ್ಟ. 2009ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಇದೇ ಕಂಪನಿ ಸುಮಾರು 55,500 ಕೋಟಿ ಯೆನ್ ಆಪರೇಟಿಂಗ್ ಲಾಭ ಮಾಡಿತ್ತು.

ಇವಾಟಾ ಯಾರು? ಸುಮ್ನೆ ಲೆಕ್ಕಪತ್ರದ ಮನುಷ್ಯನಾ?

ಖಂಡಿತ ಅಲ್ಲ. ಪ್ರೋಗ್ರಾಮರ್ ಆಗಿ ಬೆಳೆದವರು. 1959ರಲ್ಲಿ ಸಪ್ಪೊರೊದಲ್ಲಿ ಹುಟ್ಟಿದರು. ಟೋಕಿಯೊದಲ್ಲಿ ಕಂಪ್ಯೂಟರ್ ವಿಜ್ಞಾನ ಓದುತ್ತಲೇ ಎಚ್‌ಎಎಲ್ ಲ್ಯಾಬೊರೇಟರಿ ಎಂಬ ಚಿಕ್ಕ ಗೇಮ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. 'ಬಲೂನ್ ಫೈಟ್' ಗೇಮಿನ ಕೋಡ್ ಬರೆದವರು ಇವರೇ.

ನಾಯಕತ್ವದ ಚರ್ಚೆಗೆ ಬೇಕಾದ ಸಂಗತಿ 1993ರದ್ದು. ಆಗ ಎಚ್‌ಎಎಲ್ ದಿವಾಳಿ ಅಂಚಿಗೆ ಬಂದಿತ್ತು. ಸುಮಾರು 150 ಕೋಟಿ ಯೆನ್ ಸಾಲ. ನಿಂಟೆಂಡೊ ಅಧ್ಯಕ್ಷ ಹಿರೋಶಿ ಯಮಾಉಚಿ ಸಹಾಯಕ್ಕೆ ಬಂದರು, ಆದರೆ ಇವಾಟಾನೇ ಅಲ್ಲಿನ ಅಧ್ಯಕ್ಷ ಆಗಬೇಕು ಎಂಬ ಷರತ್ತು ಹಾಕಿದರು. ಆಗ ಇವಾಟಾಗೆ 33 ವಯಸ್ಸು. ಕೆಲವೇ ವರ್ಷಗಳಲ್ಲಿ ಆ ಸಾಲ ತೀರಿತು. 2000ದಲ್ಲಿ ಅವರು ನಿಂಟೆಂಡೊಗೆ ಬಂದರು, 2002ರಲ್ಲಿ ಅಧ್ಯಕ್ಷರಾದರು. 1889ರಲ್ಲಿ ಕ್ಯೋಟೊದಲ್ಲಿ ಇಸ್ಪೀಟಿನಂಥ ಹೂವಿನ ಎಲೆಗಳನ್ನು ತಯಾರಿಸಲು ಶುರುವಾದ ಈ ಕಂಪನಿಗೆ ಯಮಾಉಚಿ ಮನೆತನದ ಹೊರಗಿನವರು ಮುಖ್ಯಸ್ಥರಾದದ್ದು ಅದೇ ಮೊದಲು.

ಅವರ ಕಾಲದಲ್ಲಿ ಬಂದ ಕೈಯಲ್ಲಿ ಹಿಡಿದು ಆಡುವ ಡಿಎಸ್ 15 ಕೋಟಿಗೂ ಹೆಚ್ಚು, ಟಿವಿಗೆ ಜೋಡಿಸುವ ವೀ 10 ಕೋಟಿಗೂ ಹೆಚ್ಚು ಮಾರಾಟವಾದವು. ವಯಸ್ಸಾದವರು, ಗೇಮ್ ಮುಟ್ಟದವರು ಕೂಡ ಆಡುವಂತೆ ಮಾಡಿದ್ದು ಅವರ ದೊಡ್ಡ ಸಾಧನೆ. 2014ರ ಟೀಕೆಗೆ ಅದೇ ಮೂಲವೂ ಆಯಿತು. ಅದನ್ನು ಕೆಳಗೆ ಹೇಳುತ್ತೇನೆ.

ವೀ ಯು ಯಾಕೆ ಬಿದ್ದಿತು? ತಪ್ಪು ಯಾರದ್ದು?

ಕಾರಣಗಳು ಹಲವು, ಎಲ್ಲದರ ತೂಕ ಒಂದೇ ಅಲ್ಲ.

ಎಲ್ಲಕ್ಕಿಂತ ದೊಡ್ಡದು, ಜನರಿಗೆ ಅದು ಏನು ಅಂತಲೇ ತಿಳಿಯಲಿಲ್ಲ. 2012ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದಾಗ ಹೆಸರು ಹಳೆಯ ವೀಗೆ ಅಂಟಿಕೊಂಡಿತ್ತು. ಜಾಹೀರಾತಿನಲ್ಲಿ ಎದ್ದು ಕಂಡದ್ದು ಪರದೆ ಇರುವ ಗೇಮ್‌ಪ್ಯಾಡ್. ಮನೆಯಲ್ಲಿ ಆಗಲೇ ವೀ ಇದ್ದವರಿಗೆ ಇದು ಅದಕ್ಕೆ ಜೋಡಿಸುವ ಬಿಡಿ ಸಾಮಾನಿನ ಹಾಗೆ ಕಂಡಿತು. ಹೊಸ ಕನ್ಸೋಲ್ ಎಂದು ತಿಳಿಸಿ ಹೇಳುವಲ್ಲಿ ಸೋತೆವು ಎಂದು ಇವಾಟಾ ತಾವೇ ಒಪ್ಪಿಕೊಂಡರು.

ಎರಡನೆಯದು ಕಂಪನಿ ಒಳಗಿನ ಸಮಸ್ಯೆ. ಹೈ ಡೆಫಿನಿಷನ್ ಗೇಮ್ ಮಾಡಲು ಎಷ್ಟು ಜನ, ಎಷ್ಟು ಸಮಯ ಬೇಕು ಅನ್ನೋ ಅಂದಾಜು ತಪ್ಪಿತು. ಸೋನಿ, ಮೈಕ್ರೋಸಾಫ್ಟ್ ಕಡೆಯ ಸ್ಟುಡಿಯೊಗಳು ಆ ಪಾಠವನ್ನು 2005, 2006ರ ಹೊತ್ತಿಗೇ ಕಲಿತಿದ್ದವು. ನಿಂಟೆಂಡೊ ಆಗ ವೀ ಜೊತೆ ಬೇರೆ ದಾರಿ ಹಿಡಿದಿತ್ತು. ಆ ದಾರಿ ಗೆದ್ದಿತು, ಆದರೆ ಪಾಠ ಬಾಕಿ ಉಳಿಯಿತು. ಅದರಿಂದಾಗಿ 2013ರ ಮೊದಲರ್ಧದಲ್ಲಿ ವೀ ಯು ಕೊಂಡವರಿಗೆ ಆಡಲು ಹೊಸ ಗೇಮ್‌ಗಳೇ ಇರಲಿಲ್ಲ ಅನ್ನಬಹುದು. ವರ್ಷದ ಕೊನೆಗೆ ಸೋನಿಯ ಪಿಎಸ್4, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಒನ್ ಬಂದವು. ಹೊರಗಿನ ಗೇಮ್ ಕಂಪನಿಗಳು ವೀ ಯು ಕೈಬಿಟ್ಟವು.

ಇನ್ನು ವೀ ಕೊಂಡಿದ್ದ ಆ ಹೊಸ ಜನ? ಅವರ ಕೈಗೆ ಸ್ಮಾರ್ಟ್‌ಫೋನ್ ಬಂದಿತ್ತು. ಅವರಿಗಾಗಿ ಮತ್ತೆ ಕಾಯ್ದದ್ದೇ ತಪ್ಪು ಎಂದು ಟೀಕಾಕಾರರು ಹೇಳಿದ್ದು ನನಗೆ ಸರಿ ಅನಿಸುತ್ತದೆ. ಯೆನ್ ಮೌಲ್ಯ 2011-12ರಲ್ಲಿ ವಿಪರೀತ ಏರಿದ್ದೂ ನಷ್ಟವನ್ನು ಹೆಚ್ಚಿಸಿತು, ಯಾಕಂದ್ರೆ ನಿಂಟೆಂಡೊ ಮಾರಾಟದ ಬಹುಪಾಲು ಜಪಾನಿನ ಹೊರಗೆ.

ಹೆಸರು, ಯಂತ್ರ, ಸಮಯ ಇವೆಲ್ಲ ಮೇಲಿನ ಕೋಣೆಯಲ್ಲಿ ಆದ ತೀರ್ಮಾನಗಳು. ಹಾಗಾಗಿ ಹೊಣೆ ಇವಾಟಾರದ್ದೇ. ಇದರಲ್ಲಿ ಅವರನ್ನು ಬಚಾವು ಮಾಡಲು ಹೋಗಬಾರದು.

ರಾಜೀನಾಮೆ ಕೇಳಿದವರ ವಾದದಲ್ಲಿ ಹುರುಳಿತ್ತಾ?

ಇತ್ತು. ಅವರನ್ನು "ಗೇಮ್ ಗೊತ್ತಿಲ್ಲದ ದುಡ್ಡಿನ ಜನ" ಎಂದು ತಳ್ಳಿಹಾಕುವುದು ಅನ್ಯಾಯ.

2013ರ ಜನವರಿಯಲ್ಲಿ ಇವಾಟಾ 10,000 ಕೋಟಿ ಯೆನ್ ಲಾಭವನ್ನು ತಮ್ಮ ಬದ್ಧತೆ ಎಂದೇ ಹೇಳಿದ್ದರು. ಒಂದು ವರ್ಷದಲ್ಲಿ ಆ ಮಾತು ಬಿದ್ದುಹೋಯಿತು. ಸಾರ್ವಜನಿಕವಾಗಿ ಕೊಟ್ಟ ಮಾತಿಗೆ ಬೆಲೆ ಇಲ್ಲ ಅಂದರೆ ಷೇರುದಾರರು ಯಾವುದನ್ನು ನಂಬಬೇಕು? 90 ಲಕ್ಷ ಎಂಬ ಗುರಿಯನ್ನು ವರ್ಷ ಮುಗಿಯಲು ಎರಡೂವರೆ ತಿಂಗಳು ಇರುವಾಗ ಬಿಟ್ಟದ್ದೂ ಸರಿಯಲ್ಲ. ಮಾರಾಟ ಕುಂಟುತ್ತಿದೆ ಎಂದು ಹೊರಗಿನವರಿಗೇ ತಿಂಗಳುಗಳ ಮೊದಲು ಕಾಣುತ್ತಿತ್ತು. ಜೊತೆಗೆ 2013ರಲ್ಲಿ ಅವರು ಅಮೆರಿಕದ ಘಟಕದ ಸಿಇಒ ಹುದ್ದೆಯನ್ನೂ ತಾವೇ ವಹಿಸಿಕೊಂಡಿದ್ದರು. ಸ್ಥಿತಿ ಕೆಡುತ್ತಿರುವಾಗ ಒಬ್ಬರ ಕೈಗೇ ಅಧಿಕಾರ ಸೇರುತ್ತಿದೆ, ಬೋರ್ಡ್‌ನಲ್ಲಿ ಇರುವವರೂ ಬಹುಪಾಲು ಒಳಗಿನವರೇ, ಪ್ರಶ್ನೆ ಕೇಳುವವರು ಯಾರು? ಇದು ನನಗೆ ಅತಿ ಗಟ್ಟಿ ವಾದ ಅನಿಸಿದ್ದು, ಆದರೆ ಅಂದು ಇದನ್ನು ಎತ್ತಿದವರು ಕಡಿಮೆ.

ಆ ವಾದ ಸೋತದ್ದು ಮುಂದಿನ ಹೆಜ್ಜೆಯಲ್ಲಿ. ಇವಾಟಾ ಹೋದರೆ ಬರುವವರು ಏನು ಬೇರೆ ಮಾಡಬೇಕು ಅಂತ ಕೇಳಿದರೆ ಬಹುತೇಕರ ಉತ್ತರ ಒಂದೇ: ಮಾರಿಯೊನನ್ನು ಫೋನಿಗೆ ತನ್ನಿ. ಹಾಂಗ್‌ಕಾಂಗ್‌ನ ಓಯಾಸಿಸ್ ಮ್ಯಾನೇಜ್‌ಮೆಂಟ್ ಎಂಬ ಹೂಡಿಕೆ ಸಂಸ್ಥೆ ಪತ್ರ ಬರೆದು ಒತ್ತಾಯಿಸಿದ್ದೂ ಇದನ್ನೇ.

ಫೋನಿಗೆ ಗೇಮ್ ತರೋದು ತಪ್ಪಾ? ಕೊನೆಗೆ ಅವರೇ ತಂದರಲ್ಲ?

ತಂದರು. 2015ರ ಮಾರ್ಚ್ 17ರಂದು ಇವಾಟಾ ಜಪಾನಿನ ಮೊಬೈಲ್ ಕಂಪನಿ ಡಿಎನ್‌ಎ ಜೊತೆ ಒಪ್ಪಂದ ಪ್ರಕಟಿಸಿದರು. ಅದೇ ವೇದಿಕೆಯಲ್ಲಿ ಎನ್‌ಎಕ್ಸ್ ಎಂಬ ಗುಪ್ತ ಹೆಸರಿನ ಹೊಸ ಯಂತ್ರ ಬರುತ್ತಿದೆ ಎಂದೂ ಹೇಳಿದರು. ಕನ್ಸೋಲ್ ಬಿಟ್ಟು ಓಡುತ್ತಿದ್ದಾರೆ ಎಂದು ಯಾರೂ ತಿಳಿಯಬಾರದು ಅನ್ನೋ ಎಚ್ಚರ ಅದು. ಆ ಎನ್‌ಎಕ್ಸ್ ಮುಂದೆ ಸ್ವಿಚ್ ಆಯಿತು.

ಟೀಕಾಕಾರರು ದಿಕ್ಕನ್ನು ಸರಿಯಾಗಿ ಗುರುತಿಸಿದ್ದರು, ಅಳತೆಯಲ್ಲಿ ಎಡವಿದರು. 2016ರ ಡಿಸೆಂಬರ್‌ನಲ್ಲಿ ಬಂದ 'ಸೂಪರ್ ಮಾರಿಯೊ ರನ್' ಅನ್ನು ಜಗತ್ತಿನಾದ್ಯಂತ ಜನ ಇಳಿಸಿಕೊಂಡರು, ಆದರೆ ಪೂರ್ತಿ ಗೇಮಿಗೆ ಸುಮಾರು 10 ಡಾಲರ್ ಕೊಟ್ಟವರು ಕಂಪನಿ ಬಯಸಿದಷ್ಟು ಇರಲಿಲ್ಲ. ಫೋನ್ ಗೇಮ್‌ಗಳೇ ನಿಂಟೆಂಡೊವನ್ನು ಉಳಿಸುತ್ತವೆ ಎಂಬ 2014ರ ಮಾತು ನಿಜವಾಗಲಿಲ್ಲ. 2014ರಲ್ಲೇ ಅಧ್ಯಕ್ಷರನ್ನು ತೆಗೆದು ಆ ದಾರಿಗೆ ಪೂರ್ತಿ ಹೊರಳಿದ್ದರೆ ಯಂತ್ರ ತಯಾರಿಸುವ ತಂಡವೇ ಕರಗಿಹೋಗುವ ಸಾಧ್ಯತೆ ಇತ್ತು.

ಸಂಬಳ ಕಡಿತ ಬರೀ ತೋರಿಕೆ ಅಲ್ವಾ?

2014ರ ಜನವರಿ ಕೊನೆಗೆ ಇವಾಟಾ ಐದು ತಿಂಗಳು ತಮ್ಮ ಸಂಬಳವನ್ನು ಅರ್ಧ ಮಾಡಿಕೊಂಡರು. ಶಿಗೆರು ಮಿಯಾಮೊಟೊ, ಗೆನ್ಯೊ ತಕೆಡಾ ಶೇ. 30 ಬಿಟ್ಟುಕೊಟ್ಟರು, ಉಳಿದ ನಿರ್ದೇಶಕರು ಶೇ. 20. 2011ರಲ್ಲೂ ಹೀಗೇ ಆಗಿತ್ತು. ಆಗ 3ಡಿಎಸ್ ಮಾರಾಟವಾಗದೆ, ಬಿಡುಗಡೆಯಾಗಿ ಆರು ತಿಂಗಳಾಗುವ ಮೊದಲೇ ಜಪಾನಿನಲ್ಲಿ ಬೆಲೆಯನ್ನು 25,000 ಯೆನ್‌ನಿಂದ 15,000ಕ್ಕೆ ಇಳಿಸಬೇಕಾಯಿತು.

ಇದರಿಂದ ಉಳಿದ ಹಣ ಸಾವಿರಾರು ಕೋಟಿ ನಷ್ಟದ ಮುಂದೆ ಏನೂ ಅಲ್ಲ, ಅದು ನಿಜ. ಜಪಾನಿನ ಕಂಪನಿಗಳಲ್ಲಿ ಇದು ರೂಢಿಯೂ ಹೌದು. ಆದರೂ ಇದನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಗೇಮ್ ಉದ್ಯಮದಲ್ಲಿ ಸಾಮಾನ್ಯವಾಗಿ ತಪ್ಪು ತೀರ್ಮಾನದ ಬಿಲ್ ಮೊದಲು ಹೋಗುವುದು ಕೋಡ್ ಬರೆಯುವವರಿಗೆ, ಚಿತ್ರ ಬಿಡಿಸುವವರಿಗೆ, ಟೆಸ್ಟಿಂಗ್ ಮಾಡುವವರಿಗೆ. ಇಲ್ಲಿ ಆ ಸಾಲು ತಿರುವುಮುರುವಾಯಿತು.

ಹಾಗಾದರೆ ಯಾರನ್ನೂ ಕೆಲಸದಿಂದ ತೆಗೆಯಲೇ ಇಲ್ವಾ?

ಪೂರ್ತಿ ಹಾಗೆ ಹೇಳಲು ಬರುವುದಿಲ್ಲ. 2014ರಲ್ಲಿ ಜರ್ಮನಿಯ ಗ್ರೋಸ್‌ಆಸ್ಟ್‌ಹೈಮ್ ಕಚೇರಿ ಮುಚ್ಚಿತು, ಅಲ್ಲಿ ಕೆಲಸ ಕಳೆದುಕೊಂಡವರಿದ್ದಾರೆ. ಇವಾಟಾ ಬಗ್ಗೆ ಹೊಗಳಿ ಬರೆಯುವವರು ಇದನ್ನು ಬಿಟ್ಟುಬಿಡುತ್ತಾರೆ, ಬಿಡಬಾರದು.

ಆದರೆ ಗೇಮ್ ತಯಾರಿಸುವವರನ್ನು ಅವರು ಮುಟ್ಟಲಿಲ್ಲ. 2013ರ ಷೇರುದಾರರ ಸಭೆಯಲ್ಲಿ ಈ ಪ್ರಶ್ನೆ ಬಂದಾಗ ಅವರು ಕೊಟ್ಟ ಉತ್ತರದ ಸಾರ ಇಷ್ಟು: ಜನರನ್ನು ತೆಗೆದರೆ ಈ ವರ್ಷದ ಲೆಕ್ಕ ಚೆನ್ನಾಗಿ ಕಾಣಬಹುದು, ಆದರೆ ಕೆಲಸ ಹೋಗುವ ಭಯದಲ್ಲಿರುವವರು ಜಗತ್ತು ಮೆಚ್ಚುವ ಗೇಮ್ ಮಾಡಬಲ್ಲರು ಎಂದು ನನಗೆ ಅನಿಸುವುದಿಲ್ಲ.

ಇದು ಬರೀ ಒಳ್ಳೆಯತನದ ಮಾತಲ್ಲ, ಲೆಕ್ಕಾಚಾರವೂ ಹೌದು. 'ಮಾರಿಯೊ ಕಾರ್ಟ್ 8' ವೀ ಯುನಲ್ಲಿ ಸುಮಾರು 85 ಲಕ್ಷ ಮಾರಾಟವಾಯಿತು. ಅದಕ್ಕೇ ಸ್ವಲ್ಪ ಸೇರಿಸಿ ಸ್ವಿಚ್‌ಗೆ ತಂದ ಡಿಲಕ್ಸ್ ಆವೃತ್ತಿ 6 ಕೋಟಿ ದಾಟಿತು. 'ಬ್ರೆತ್ ಆಫ್ ದ ವೈಲ್ಡ್' ಕೂಡ ವೀ ಯುಗಾಗಿಯೇ ಶುರುವಾದ ಗೇಮ್. 'ಸ್ಪ್ಲಟೂನ್' ಎಂಬ ಹೊಚ್ಚ ಹೊಸ ಗೇಮ್ ಹುಟ್ಟಿದ್ದು ಈ ಕೆಟ್ಟ ವರ್ಷಗಳಲ್ಲೇ, ಬಿಡುಗಡೆ 2015ರ ಮೇನಲ್ಲಿ. ತಂಡ ಚೆನ್ನಾಗಿಯೇ ಇತ್ತು. ಅವರ ಕೈಗೆ ಕೊಟ್ಟ ಯಂತ್ರ ಸರಿಯಿರಲಿಲ್ಲ. 2014ರಲ್ಲಿ ತಂಡವನ್ನು ಒಡೆದಿದ್ದರೆ ಈ ಯಾವುದೂ ಮುಂದಿನ ಯಂತ್ರಕ್ಕೆ ಸಿಗುತ್ತಿರಲಿಲ್ಲ.

ಷೇರುದಾರರು ಮತ ಹಾಕಿ ತೆಗೆಯಬಹುದಿತ್ತಲ್ಲ?

ತೆಗೆಯಬಹುದಿತ್ತು. ನಿರ್ದೇಶಕರಾಗಿ ಮುಂದುವರಿಯಲು ವಾರ್ಷಿಕ ಸಭೆಯ ಮತ ಬೇಕು. 2013ರಲ್ಲಿ ಇವಾಟಾಗೆ ಬಂದ ಬೆಂಬಲ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, 2014ರಲ್ಲಿ ಸುಮಾರು ಶೇ. 80. ದೊಡ್ಡ ಕಂಪನಿಯ ಮುಖ್ಯಸ್ಥರಿಗೆ ಇದು ಕಡಿಮೆಯೇ. ಅಸಮಾಧಾನ ಇತ್ತು, ಆದರೆ ಬಹುಮತ ಅವರ ಜೊತೆಗೇ ಇತ್ತು.

ಅಷ್ಟು ವರ್ಷ ಕಾಯಲು ಹಣ ಎಲ್ಲಿಂದ?

ಡಿಎಸ್, ವೀ ಕಾಲದ ಲಾಭವನ್ನು ಕೂಡಿಟ್ಟಿದ್ದರು. ಮೇಲೆ ಸಾಲ ಇರಲಿಲ್ಲ. 2013ರ ಸೆಪ್ಟೆಂಬರ್‌ನಲ್ಲಿ ಯಮಾಉಚಿ ತೀರಿಕೊಂಡ ಮೇಲೆ, ಅವರ ಕುಟುಂಬದ ಬಳಿಯಿದ್ದ ಷೇರುಗಳನ್ನು ಸುಮಾರು 11,400 ಕೋಟಿ ಯೆನ್ ಕೊಟ್ಟು ಕಂಪನಿಯೇ ಕೊಂಡಿತು, ಅದೂ 2014ರ ಫೆಬ್ರವರಿಯಲ್ಲಿ, ನಷ್ಟದ ನಡುವೆ.

ಇವಾಟಾ ಉದಾಹರಣೆ ಕೊಡುವ ಮುನ್ನ ಯಾರೇ ಆದರೂ ಇದನ್ನು ನೋಡಬೇಕು. ಕೈಯಲ್ಲಿ ಹಣ ಇಲ್ಲದ ಕಂಪನಿಗೆ ತಾಳ್ಮೆ ಇಟ್ಟುಕೊಳ್ಳುವ ಅವಕಾಶವೇ ಇರುವುದಿಲ್ಲ. ಇನ್ನೊಂದು ಜಪಾನಿ ಗೇಮ್ ಕಂಪನಿ ಸೆಗಾ ಇದಕ್ಕೆ ಸಾಕ್ಷಿ. ಅವರ ಡ್ರೀಮ್‌ಕಾಸ್ಟ್ ಒಳ್ಳೆಯ ಯಂತ್ರ, ಗೇಮ್‌ಗಳೂ ಚೆನ್ನಾಗಿದ್ದವು. ಆದರೆ ವರ್ಷಗಳ ನಷ್ಟದಿಂದ ಸೋತಿದ್ದ ಸೆಗಾ 2001ರಲ್ಲಿ ಯಂತ್ರ ತಯಾರಿಕೆಯನ್ನೇ ನಿಲ್ಲಿಸಿತು. ಅಧ್ಯಕ್ಷ ಇಸಾವೊ ಒಕಾವಾ ತಮ್ಮ ಸ್ವಂತ ಆಸ್ತಿಯನ್ನೇ ಕಂಪನಿಗೆ ಕೊಟ್ಟು ಅದೇ ವರ್ಷ ತೀರಿಕೊಂಡರು. ಅಲ್ಲಿ ಮುಖ್ಯಸ್ಥರ ನಿಷ್ಠೆ ಕಡಿಮೆಯಾಗಿರಲಿಲ್ಲ.

ಮುಖ್ಯಸ್ಥರನ್ನು ಬದಲಾಯಿಸಿ ಒಳ್ಳೆಯದಾದ ಉದಾಹರಣೆ ಇದೆಯಾ?

ಇದೆ. ಸೋನಿಯ ಪ್ಲೇಸ್ಟೇಷನ್ ವಿಭಾಗವನ್ನು ಕಟ್ಟಿದವರು ಕೆನ್ ಕುತರಾಗಿ. 2006ರಲ್ಲಿ ಪಿಎಸ್3 ಬಂದಾಗ ಅಮೆರಿಕದಲ್ಲಿ ದೊಡ್ಡ ಮಾದರಿಯ ಬೆಲೆ 599 ಡಾಲರ್. ಅಷ್ಟಿದ್ದರೂ ಒಂದೊಂದು ಯಂತ್ರ ಮಾರಿದಾಗಲೂ ನಷ್ಟ. ಅದೇ ವರ್ಷದ ಕೊನೆಗೆ ಕಾಜ್ ಹಿರಾಯ್ ಆ ವಿಭಾಗದ ಅಧ್ಯಕ್ಷರಾದರು, ಮುಂದಿನ ವರ್ಷ ಕುತರಾಗಿ ನಿವೃತ್ತರಾದರು. ಖರ್ಚು ಇಳಿಸಿ 2009ರಲ್ಲಿ 299 ಡಾಲರ್‌ಗೆ ತೆಳ್ಳಗಿನ ಮಾದರಿ ತಂದ ಮೇಲೆ ಪಿಎಸ್3 ಚೇತರಿಸಿಕೊಂಡಿತು.

ಎಕ್ಸ್‌ಬಾಕ್ಸ್ ಕೂಡ ಅಷ್ಟೆ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್‌ಗೆ ಇಂಟರ್ನೆಟ್ ಕಡ್ಡಾಯ ಎಂದು ಹೇಳಿ, ಜನ ಸಿಟ್ಟಾದ ಮೇಲೆ ಹಿಂದೆ ಸರಿದರು. ಎಕ್ಸ್‌ಬಾಕ್ಸ್ ಮುಖ್ಯಸ್ಥ ಡಾನ್ ಮ್ಯಾಟ್ರಿಕ್ ಜುಲೈನಲ್ಲಿ ಹೊರಟರು. 2014ರಲ್ಲಿ ಫಿಲ್ ಸ್ಪೆನ್ಸರ್ ಬಂದು, ಕಿನೆಕ್ಟ್ ಕ್ಯಾಮೆರಾ ಇಲ್ಲದ ಅಗ್ಗದ ಮಾದರಿ ತಂದರು, ಆಟಗಾರರ ನಂಬಿಕೆಯನ್ನು ಸ್ವಲ್ಪ ಸ್ವಲ್ಪವಾಗಿ ಮರಳಿ ಗಳಿಸಿದರು.

ಕುತೂಹಲದ ಸಂಗತಿ ಅಂದರೆ ಅದೇ ಮ್ಯಾಟ್ರಿಕ್ ಹೋಗಿದ್ದು ಝಿಂಗಾಗೆ, 'ಫಾರ್ಮ್‌ವಿಲ್' ಮಾಡಿದ ಕಂಪನಿಗೆ. ಅಲ್ಲಿ ಸ್ಥಾಪಕ ಮಾರ್ಕ್ ಪಿಂಕಸ್ ಜಾಗಕ್ಕೆ ಅವರನ್ನು ರಕ್ಷಕನ ಹಾಗೆ ಕರೆತಂದರು. 2015ರ ಏಪ್ರಿಲ್‌ನಲ್ಲಿ ಅವರು ಹೊರಟರು, ಪಿಂಕಸ್ ವಾಪಸ್ ಬಂದರು. ಮರುವರ್ಷ ಮತ್ತೊಬ್ಬರು, ಫ್ರಾಂಕ್ ಗಿಬೊ. ಝಿಂಗಾ 2010ರಲ್ಲಿ ಅಮೆರಿಕದ ಹೊರಗೆ ತನ್ನ ಮೊದಲ ಸ್ಟುಡಿಯೊ ತೆರೆದದ್ದು ಬೆಂಗಳೂರಿನಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕುರ್ಚಿ ಬದಲಾದಾಗಲೆಲ್ಲ ಇಲ್ಲಿನ ತಂಡಗಳೂ ಹೊಸ ಯೋಜನೆಗೆ ಹೊಂದಿಕೊಳ್ಳಬೇಕು ಅನ್ನೋದು ಈ ಉದ್ಯಮದಲ್ಲಿರುವ ನಮ್ಮವರಿಗೆ ಹೇಳಿಕೊಡಬೇಕಿಲ್ಲ.

ಸೋನಿ, ಎಕ್ಸ್‌ಬಾಕ್ಸ್ ಎರಡರಲ್ಲೂ ಬಂದವರಿಗೆ ಏನು ಸರಿಪಡಿಸಬೇಕು ಅನ್ನೋದು ಸ್ಪಷ್ಟವಾಗಿತ್ತು. ಬೆಲೆ, ಖರ್ಚು, ಒಂದು ಕೆಟ್ಟ ನಿಯಮ. ಝಿಂಗಾದಲ್ಲಿ ಫೇಸ್‌ಬುಕ್ ಗೇಮ್‌ಗಳ ಕಾಲವೇ ಮುಗಿಯುತ್ತಿತ್ತು. ಮುಖ ಬದಲಾದರೂ ಆ ಪ್ರಶ್ನೆ ಅಲ್ಲೇ ಉಳಿಯಿತು.

ಸ್ವಿಚ್ 15 ಕೋಟಿ ದಾಟಿತು. ಅಲ್ಲಿಗೆ ಇವಾಟಾ ಗೆದ್ದಂತೆ ಅಲ್ವಾ?

ಈ ತರ್ಕ ನನಗೆ ಒಪ್ಪಿಗೆ ಇಲ್ಲ. 2017ರ ಫಲವನ್ನು ತೋರಿಸಿ 2014ರ ತೀರ್ಮಾನವನ್ನು ಅಳೆದರೆ, ನಷ್ಟ ಮಾಡುವ ಯಾವ ಮುಖ್ಯಸ್ಥರೂ "ಇನ್ನು ಮೂರು ವರ್ಷ ತಾಳಿ" ಎಂದು ಹೇಳುತ್ತಾ ಕೂರಬಹುದು. ಅಂದು, ಆ ಜನವರಿಯಲ್ಲಿ, ಏನು ಗೊತ್ತಿತ್ತು ಅನ್ನೋದನ್ನೇ ನೋಡಬೇಕು.

ಅಂದು ಗೊತ್ತಿದ್ದದ್ದು ಇದು. ಯಾವುದು ಮುರಿದಿದೆ ಎಂದು ಅವರು ನೆಪ ಹೇಳದೆ ಬಿಡಿಸಿ ಹೇಳಿದರು. ಕನ್ಸೋಲ್ ತಂಡ, ಹ್ಯಾಂಡ್‌ಹೆಲ್ಡ್ ತಂಡ ಬೇರೆ ಬೇರೆ ಕೆಲಸ ಮಾಡುವುದನ್ನು ನಿಲ್ಲಿಸಿ 2013ರಲ್ಲೇ ಎರಡೂ ಯಂತ್ರ ವಿಭಾಗಗಳನ್ನು ಒಂದು ಮಾಡಿದ್ದರು. ಮನೆಯಲ್ಲೂ ಕೈಯಲ್ಲೂ ಆಡುವ ಸ್ವಿಚ್‌ನ ಬೇರು ಅಲ್ಲಿದೆ. ಕಾಯಲು ಹಣ ಇತ್ತು. 3ಡಿಎಸ್ ಅನ್ನು ಒಮ್ಮೆ ಕುಸಿತದಿಂದ ಎತ್ತಿದ ಅನುಭವ ಇತ್ತು. ಈ ನಾಲ್ಕೂ ಆಗಲೇ ಕಣ್ಣ ಮುಂದೆ ಇದ್ದವು. ಇವಿಷ್ಟೇ ಸಾಕಿತ್ತು.

ಎಲ್ಲ ತೀರ್ಮಾನವೂ ಸರಿಯಿರಲಿಲ್ಲ. ಅದೇ ಜನವರಿ ಕೊನೆಗೆ ಆರೋಗ್ಯಕ್ಕೆ ಸಂಬಂಧಿಸಿದ ಹೊಸ ವ್ಯವಹಾರವನ್ನೂ ದೊಡ್ಡದಾಗಿ ಘೋಷಿಸಿದ್ದರು. ಅದು ಮಾರುಕಟ್ಟೆಗೆ ಬರಲೇ ಇಲ್ಲ.

ಅವರ ನಂತರ ಏನಾಯಿತು?

2014ರ ಜೂನ್‌ನಲ್ಲಿ ಪಿತ್ತನಾಳದ ಗಡ್ಡೆಗೆ ಶಸ್ತ್ರಚಿಕಿತ್ಸೆ ಆಯಿತು. ಚೇತರಿಸಿಕೊಂಡು ಕೆಲಸಕ್ಕೆ ಮರಳಿದರು. 2015ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಕಂಪನಿ ಸುಮಾರು 2,480 ಕೋಟಿ ಯೆನ್ ಆಪರೇಟಿಂಗ್ ಲಾಭಕ್ಕೆ ಬಂತು. ಅದೇ ಜುಲೈ 11ರಂದು ಅವರು ತೀರಿಕೊಂಡರು. 55 ವರ್ಷ ವಯಸ್ಸು. ಅವರ ಜೊತೆ ಒಪ್ಪದವರು ಕೂಡ ಆ ದಿನ ಮನಸಾರೆ ದುಃಖಪಟ್ಟರು.

ಸೆಪ್ಟೆಂಬರ್‌ನಲ್ಲಿ ತಾತ್ಸುಮಿ ಕಿಮಿಶಿಮಾ ಅಧ್ಯಕ್ಷರಾದರು. ಬ್ಯಾಂಕ್ ಹಿನ್ನೆಲೆಯವರು, ಗೇಮ್ ತಯಾರಕರಲ್ಲ. ಅವರು ದಿಕ್ಕು ಬದಲಿಸಲಿಲ್ಲ. ಆಗಲೇ ಸಾಗಿದ್ದ ಯೋಜನೆಯನ್ನು ಕೈಬಿಡದೆ ದಡ ಸೇರಿಸಿ, 2018ರಲ್ಲಿ 46 ವರ್ಷದ ಶುಂಟಾರೊ ಫುರುಕಾವಾಗೆ ಜಾಗ ಬಿಟ್ಟರು. ಹೊಸ ಅಧ್ಯಕ್ಷ ಬಂದ ಕೂಡಲೇ ಹಳೆಯದನ್ನೆಲ್ಲ ಕಿತ್ತುಹಾಕಬೇಕು ಎಂಬ ಚಪಲ ಇವರಿಗೆ ಇರಲಿಲ್ಲ. ಕಿಮಿಶಿಮಾಗೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ ಅನ್ನೋದು ನನ್ನ ಬೇಸರ.

ಯೂಬಿಸಾಫ್ಟ್ ವಿಷಯದಲ್ಲೂ ಇದೇ ಅಳತೆ ಹಿಡಿಯಬಹುದಾ?

ಹಿಡಿಯಬಹುದು, ಆದರೆ ಉತ್ತರ ಅದೇ ಬರುತ್ತದೆ ಎಂದುಕೊಳ್ಳಬೇಡಿ. 1986ರಲ್ಲಿ ಗಿಲ್ಲೆಮೊ ಸಹೋದರರು ಕಟ್ಟಿದ ಈ ಫ್ರೆಂಚ್ ಕಂಪನಿಗೆ ಈವ್ ಗಿಲ್ಲೆಮೊ ಮುಖ್ಯಸ್ಥರು. 2024ರ ಸೆಪ್ಟೆಂಬರ್‌ನಲ್ಲಿ ಎಜೆ ಇನ್ವೆಸ್ಟ್‌ಮೆಂಟ್ಸ್ ಎಂಬ ಸಣ್ಣ ಪಾಲುದಾರ ಸಂಸ್ಥೆ ಬಹಿರಂಗ ಪತ್ರ ಬರೆದು ಅವರನ್ನು ಬದಲಾಯಿಸಿ ಎಂದು ಕೇಳಿತು. ಆಗ 'ಸ್ಟಾರ್ ವಾರ್ಸ್ ಔಟ್‌ಲಾಸ್' ನಿರೀಕ್ಷೆಯಷ್ಟು ಮಾರಾಟವಾಗಿರಲಿಲ್ಲ. 'ಅಸಾಸಿನ್ಸ್ ಕ್ರೀಡ್ ಶ್ಯಾಡೋಸ್' ಮುಂದೆ ಹೋಗಿ, ಕೊನೆಗೆ 2025ರ ಮಾರ್ಚ್‌ನಲ್ಲಿ ಬಂತು. ನಡುವೆ ಸ್ಟುಡಿಯೊಗಳು ಮುಚ್ಚಿದವು, ಜನ ಕೆಲಸ ಕಳೆದುಕೊಂಡರು. ಆಮೇಲೆ ಟೆನ್ಸೆಂಟ್ 116 ಕೋಟಿ ಯೂರೊ ಹಾಕಿ, ಕಂಪನಿಯ ದೊಡ್ಡ ಗೇಮ್‌ಗಳಿಗಾಗಿ ಮಾಡಿದ ಹೊಸ ಘಟಕದಲ್ಲಿ ಕಾಲು ಭಾಗ ಕೊಂಡಿತು. ಆ ಘಟಕದ ಇಬ್ಬರು ಮುಖ್ಯಸ್ಥರಲ್ಲಿ ಒಬ್ಬರು ಈವ್ ಅವರ ಮಗ ಚಾರ್ಲಿ.

ಪುಣೆ, ಮುಂಬೈಗಳಲ್ಲೂ ಅವರ ಸ್ಟುಡಿಯೊಗಳಿವೆ, ಹಾಗಾಗಿ ಇದು ದೂರದ ಸುದ್ದಿ ಮಾತ್ರ ಅಲ್ಲ. ಇಲ್ಲಿ ಕಾಯಲು ಬೇಕಾದ ಹಣ ಹೊರಗಿನಿಂದ ಬಂದಿದೆ. ಪೆಟ್ಟು ಮೊದಲು ಬಿದ್ದದ್ದು ಕೆಳಗಿನವರ ಮೇಲೆ. ಜವಾಬ್ದಾರಿಯ ಜಾಗ ಮನೆಯೊಳಗೇ ಉಳಿದಿದೆ. ಏನು ಮುರಿದಿದೆ, ಅದಕ್ಕೆ ಮೇಲಿನವರು ಯಾರು ಏನು ಕಳೆದುಕೊಂಡರು ಎಂದು ಷೇರುದಾರರೂ ನೌಕರರೂ ಕೇಳಬೇಕು. ಇವಾಟಾಗೆ ಸಿಕ್ಕ ತಾಳ್ಮೆ ಈವ್ ಗಿಲ್ಲೆಮೊಗೂ ಸಿಗಬೇಕು ಎನ್ನುವವರು ಈ ಎರಡಕ್ಕೆ ಉತ್ತರ ಕೊಟ್ಟ ಮೇಲೆ ನಾನು ಅವರ ಮಾತು ಕೇಳುತ್ತೇನೆ.